ಮರದ ಅಡ್ಡೆಯ ರಥಕಾರ

ಒಲ್ಲೆನೆಂಬ ಮಾತು ನಮ್ಮ ನುಡಿಯಲ್ಲಿ ಬಹಳ ಚಿಕ್ಕದು; ಆದರೆ ಅದನ್ನು ತಕ್ಕ ಕಾಲದಲ್ಲಿ ಆಡಬಲ್ಲವರು ವಿರಳ. ಹಸಿದವನು ಅನ್ನವನ್ನು ಒಲ್ಲೆನೆನ್ನಲಾರನು; ಸಾಲಗಾರನು ಸಾಹುಕಾರನ ಮಾತನ್ನು ಒಲ್ಲೆನೆನ್ನಲಾರನು; ಕೀರ್ತಿಗಾಗಿ ಬಾಯಿಬಿಡುವವನು ಹೊಗಳಿಕೆಯನ್ನು ಒಲ್ಲೆನೆನ್ನಲಾರನು. ಸ್ವಾತಂತ್ರ್ಯವೆಂದರೆ ಯಾರ ಹಂಗೂ ಇಲ್ಲದಿರುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಾಗೆ ಯಾರ ಹಂಗೂ ಇಲ್ಲದ ಮನುಷ್ಯನನ್ನು ನಾನಂತೂ ಕಂಡಿಲ್ಲ. ಉಣ್ಣುವ ತುತ್ತಿನಲ್ಲಿ ರೈತನ ಹಂಗಿದೆ. ಉಡುವ ಬಟ್ಟೆಯಲ್ಲಿ ನೇಕಾರನ ಹಂಗಿದೆ. ಹತ್ತು ಮಂದಿಯ ಹಂಗಿನಲ್ಲಿದ್ದೂ ಸಮಯ ಬಂದಾಗ ಒಲ್ಲೆನೆನ್ನುವ ಶಕ್ತಿಯನ್ನು ಉಳಿಸಿಕೊಂಡವನೇ ಸ್ವತಂತ್ರನೆಂದು ನನಗೆ ತೋರುತ್ತದೆ. ಈ ಎಣಿಕೆಯು ನನ್ನಲ್ಲಿ ಬಲಿತುದು ಯಾವ ವೇದಾಂತ ಗ್ರಂಥದಿಂದಲೂ ಅಲ್ಲ. ಇಂಗ್ಲೆಂಡಿನ ಒಬ್ಬ ಮರದ ವ್ಯಾಪಾರಿಯ ಚರಿತ್ರೆಯನ್ನು ಓದಿದುದರಿಂದ. ಆತನ ಹೆಸರು ಕೆನ್ ಟಿರೆಲ್. ಮರದ ಅಡ್ಡೆಯ ಒಂದು ಕೊಟ್ಟಿಗೆಯಲ್ಲಿ ಕುಳಿತು ಆತನು ಮೋಟಾರು ಪಂದ್ಯದ ತಂಡವೊಂದನ್ನು ನಡೆಸಿದನು. ಅಲ್ಲಿಯೇ ಗಾಡಿಗಳನ್ನು ಕಟ್ಟಿಸಿದನು. ಅವುಗಳಿಂದ ಜಗತ್ತನ್ನು ಗೆದ್ದನು. ಕಡೆಗೆ ಎಲ್ಲವನ್ನೂ ಕಳೆದುಕೊಂಡನು.

ಇಂಥ ವಿಷಯಕ್ಕೂ ಸಾಹಿತ್ಯದ ಪತ್ರಿಕೆಗೂ ಏನು ನಂಟೆಂದು ವಾಚಕರು ಕೇಳಬಹುದು. ನಾನು ಗಾಡಿಯನ್ನು ನಡೆಸಲರಿಯೆನು. ಎಂಜಿನಿನ ಮುಚ್ಚಳವನ್ನೆತ್ತಿದರೆ ಒಳಗಿನದು ನನಗೆ ಓದಲು ಬಾರದ ಶಾಸನದಂತೆ ಕಾಣುತ್ತದೆ. ಆದರೂ ಒಂದು ಮಾತು. ಕಥೆಗಳಲ್ಲಿ ರಥಿಯ ಹೆಸರು ಉಳಿಯುತ್ತದೆ. ಸಾರಥಿಯ ಹೆಸರೂ ಒಮ್ಮೊಮ್ಮೆ ಉಳಿಯುತ್ತದೆ. ರಥವನ್ನು ಕಟ್ಟಿದವನ ಹೆಸರನ್ನು ಕೇಳುವವರಿಲ್ಲ. ಮೋಟಾರು ಪಂದ್ಯವು ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ನ್ಯಾಯವಂತವಾದುದು. ಫಾರ್ಮುಲಾ ಒನ್ ಎಂಬ ಜಗತ್ ಪಂದ್ಯಮಾಲೆಯು ೧೯೫೦ರಲ್ಲಿ ಮೊದಲಾಯಿತು. ೧೯೫೮ರಿಂದ ಅದರಲ್ಲಿ ಓಡಿಸುವವನಿಗೆ ಒಂದು ಪ್ರಶಸ್ತಿಯೂ ಗಾಡಿಯನ್ನು ಕಟ್ಟಿದವನಿಗೆ ಇನ್ನೊಂದು ಪ್ರಶಸ್ತಿಯೂ ಇವೆ. ಮೊದಲ ಕಾಲದಲ್ಲಿ ಈ ಗೌರವವೆಲ್ಲ ಆಲ್ಫಾ ರೋಮಿಯೋ, ಮರ್ಸಿಡಿಸ್, ಫೆರಾರಿ ಮೊದಲಾದ ದೊಡ್ಡ ಮನೆತನಗಳಿಗೆ ಮೀಸಲೆಂಬಂತಿತ್ತು. ಎಂಜಿನಿನಿಂದ ಹಿಡಿದು ಎಲ್ಲವನ್ನೂ ಅವರು ತಮ್ಮ ಕಾರ್ಖಾನೆಯಲ್ಲಿಯೇ ಮಾಡುತ್ತಿದ್ದರು. ಆಮೇಲೆ ಇಂಗ್ಲೆಂಡಿನಲ್ಲಿ ಬೇರೊಂದು ಜಾತಿಯ ಜನ ಹುಟ್ಟಿಕೊಂಡರು. ಅವರು ಒಡಲನ್ನು ತಾವು ಕಟ್ಟಿ, ಎಂಜಿನನ್ನು ಒಂದು ಕಡೆ, ಗೇರುಪೆಟ್ಟಿಗೆಯನ್ನು ಇನ್ನೊಂದು ಕಡೆ ಕೊಂಡು, ಎಲ್ಲವನ್ನೂ ಕೂಡಿಸಿ ಪಂದ್ಯಕ್ಕೆ ತರುತ್ತಿದ್ದರು. ಇವರು ಗರಾಜಿನ ಮಂದಿಯೆಂದು ಇಟಲಿಯ ಎಂಜೋ ಫೆರಾರಿಯು ಹಳಿದನು. ಟಿರೆಲ್ಲನದು ಗರಾಜೂ ಅಲ್ಲ. ಅದು ಮರ ಕೊಯ್ಯುವ ಸ್ಥಳ.

ಆತನು ೧೯೨೪ರಲ್ಲಿ ಸರ್ರಿ ಸೀಮೆಯ ಈಸ್ಟ್ ಹಾರ್ಸ್ಲಿ ಎಂಬ ಊರಿನಲ್ಲಿ ಹುಟ್ಟಿದನು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಪಡೆಯನ್ನು ಸೇರಿ ಬಾಂಬು ಹಾಕುವ ವಿಮಾನಗಳಲ್ಲಿ ಎಂಜಿನುಗಳ ಮೇಲ್ವಿಚಾರಕನಾಗಿದ್ದನು. ಯುದ್ಧವು ಮುಗಿದ ಮೇಲೆ ಅಣ್ಣತಮ್ಮಂದಿರು ಕೂಡಿ ಮರದ ವ್ಯಾಪಾರಕ್ಕಿಳಿದರು. ಅದೇ ಬದುಕು ಕಡೆಯವರೆಗೆ ಸಾಗಬಹುದಾಗಿತ್ತು. ಆದರೆ ೧೯೫೧ರಲ್ಲಿ ಹಳ್ಳಿಯ ಕಾಲ್ಚೆಂಡಿನ ತಂಡದವರು ಒಂದು ಬಸ್ಸು ಮಾಡಿಕೊಂಡು ಸಿಲ್ವರ್‌ಸ್ಟೋನಿನ ಮೋಟಾರು ಪಂದ್ಯವನ್ನು ನೋಡಹೋದರು. ಟಿರೆಲ್ಲನೂ ಜೊತೆಗೆ ಹೋದನು. ದೊಡ್ಡ ಪಂದ್ಯಕ್ಕಿಂತ ಅದರ ಜೊತೆಯಲ್ಲಿ ನಡೆದ ಐನೂರು ಸಿ.ಸಿ. ಪುಟ್ಟ ಗಾಡಿಗಳ ಓಟವು ಅವನ ಮನಸ್ಸನ್ನು ಹಿಡಿಯಿತು. ಮರುವರ್ಷವೇ ಅಂತಹ ಕೂಪರ್ ಗಾಡಿಯೊಂದನ್ನು ತಂದು ತಾನೇ ಓಡಿಸತೊಡಗಿದನು. ೧೯೫೮ರ ವೇಳೆಗೆ ಇನ್ನೂ ದೊಡ್ಡ ಗಾಡಿಗಳ ದರ್ಜೆಗೆ ಏರಿದನು.

ಆತನ ಮೊದಲನೆಯ ಒಲ್ಲೆಯು ಬಂದುದು ಇಲ್ಲಿ. ಅದೂ ತನಗೆ ತಾನೇ ಹೇಳಿಕೊಂಡುದು. ಏಳೆಂಟು ವರ್ಷ ಓಡಿಸಿ ನೋಡಿದ ಮೇಲೆ, ತಾನು ಸಾಧಾರಣನಾದ ಚಾಲಕನೇ ಹೊರತು ಉತ್ತಮನಾಗಲಾರೆನೆಂದು ಆತನಿಗೆ ಮನವರಿಕೆಯಾಯಿತು. ೧೯೫೯ರ ಸುಮಾರಿಗೆ ಓಡಿಸುವುದನ್ನು ಬಿಟ್ಟು, ೧೯೬೦ರಿಂದ ಎಳೆಯರಿಗಾಗಿ ತಂಡ ನಡೆಸುವ ಕೆಲಸಕ್ಕೆ ಕೈಹಾಕಿದನು. ಇದು ಸಣ್ಣ ಸಂಗತಿಯೆಂದು ಕಾಣಬಹುದು. ಆದರೆ ಮೆಚ್ಚಿದ ವಿದ್ಯೆಯಲ್ಲಿ ತನಗೆ ಗತಿಯಿಲ್ಲವೆಂದು ಒಪ್ಪಿಕೊಂಡು, ಅದನ್ನು ದ್ವೇಷಿಸದೆ, ಅದರ ಬಾಗಿಲಲ್ಲಿಯೇ ನಿಂತು ಇನ್ನೊಬ್ಬರನ್ನು ಒಳಗೆ ಕಳುಹಿಸುವವರು ಎಷ್ಟು ಮಂದಿ? ಕವಿಯಾಗಲಾರದವನು ಹೆಚ್ಚಾಗಿ ಕಹಿ ವಿಮರ್ಶಕನಾಗುತ್ತಾನೆ. ಒಳ್ಳೆಯ ಪ್ರಕಾಶಕನಾಗುವುದು ಅಪರೂಪ.

ಆಕಮ್ ಎಂಬಲ್ಲಿದ್ದ ಆ ಮರದ ಅಡ್ಡೆಯ ಚಿತ್ರಗಳನ್ನು ನಾನು ನೋಡಿದ್ದೇನೆ. ತಗ್ಗಾದ ಒಂದು ಮರದ ಕೊಟ್ಟಿಗೆ. ಒಳಗೆ ಉದ್ದನೆಯ ಬೆಂಚುಗಳು, ಗೋಡೆಗೆ ತೂಗುಹಾಕಿದ ಸಲಕರಣೆಗಳು. ಜಗತ್ತಿನ ಅತ್ಯಂತ ವೇಗದ ಗಾಡಿಗಳು ಹೊರಟ ಸ್ಥಳವಿದೆಂದು ಯಾರೂ ಹೇಳಲಾರರು. ಮನೆಯೊಡತಿಯಾದ ನೋರಾ ಟಿರೆಲ್ಲಳು ಪಂದ್ಯದ ಅಂಗಳಕ್ಕೂ ಬಂದು ತಂಡದವರಿಗೆ ತಿನಿಸನ್ನು ಸಿದ್ಧಪಡಿಸುತ್ತಿದ್ದಳು. ಕೈಯಲ್ಲಿ ಗಡಿಯಾರ ಹಿಡಿದು ಸುತ್ತುಗಳ ಲೆಕ್ಕ ಬರೆಯುತ್ತಿದ್ದಳು. ಯಜಮಾನನಿಗೆ ಮುಂಗೋಪ. ಸಿಟ್ಟು ಬಂದರೆ ಬಾಯಲ್ಲಿ ನೊರೆ ಹಾರುತ್ತಿತ್ತಂತೆ. ಆ ಬೈಗುಳದ ಸುರಿಮಳೆಗೆ ಕೆಲಸಗಾರರು ನೊರೆಯೆಂದೇ ಹೆಸರಿಟ್ಟಿದ್ದರು. ಅವಿಭಕ್ತ ಕುಟುಂಬವನ್ನು ಕಂಡ ನಮಗೆ ಇಂತಹ ಯಜಮಾನನು ಹೊಸಬನಲ್ಲ.

ಈ ಮನೆಗೆ ಸ್ಕಾಟ್ಲೆಂಡಿನ ಜಾಕಿ ಸ್ಟೂವರ್ಟನು ಬಂದುದು ೧೯೬೪ರಲ್ಲಿ. ಗುಡ್‌ವುಡ್ ಎಂಬಲ್ಲಿಯ ಪಂದ್ಯದ ದಾರಿಯನ್ನು ನೋಡಿಕೊಳ್ಳುತ್ತಿದ್ದವನೊಬ್ಬನು, ಈ ಹುಡುಗನನ್ನು ಒಮ್ಮೆ ಪರೀಕ್ಷಿಸಿ ನೋಡೆಂದು ಟಿರೆಲ್ಲನಿಗೆ ಹೇಳಿಕಳುಹಿಸಿದನು. ಆಗಲೇ ಹೆಸರಾಂತ ಚಾಲಕನಾಗಿದ್ದ ಬ್ರೂಸ್ ಮಕ್ಲಾರೆನ್ನನನ್ನು ಮೊದಲು ಕಳುಹಿಸಿ ಗಾಡಿಯ ವೇಗವನ್ನು ಅಳೆದುಕೊಂಡರು. ಸ್ಟೂವರ್ಟನು ಹತ್ತಿ ಕೆಲವು ಸುತ್ತುಗಳಲ್ಲಿಯೇ ಆ ವೇಗವನ್ನು ಮೀರಿದನು. ಮಕ್ಲಾರೆನ್ನನು ಮತ್ತೆ ಹೋಗಿ ತನ್ನ ವೇಳೆಯನ್ನು ತಿದ್ದಿ ಬಂದರೆ, ಹುಡುಗನು ಅದನ್ನೂ ಮೀರಿದನು. ಅಂದಿನಿಂದ ಮೊದಲಾದ ಆ ಇಬ್ಬರ ನಂಟು ಒಡೆಯ ಮತ್ತು ಆಳಿನದಾಗದೆ, ಸೋದರಮಾವ ಮತ್ತು ಅಳಿಯನಂತೆ ಬೆಳೆಯಿತು. ನಡುವೆ ಸ್ಟೂವರ್ಟನು ಮೂರು ವರ್ಷ ಬಿ.ಆರ್.ಎಂ. ಎಂಬ ಬೇರೆ ತಂಡದ ಪರವಾಗಿ ಫಾರ್ಮುಲಾ ಒನ್‌ನಲ್ಲಿ ಓಡಿಸಿದನಾದರೂ ಚಿಕ್ಕ ದರ್ಜೆಯ ಪಂದ್ಯಗಳಲ್ಲಿ ಟಿರೆಲ್ಲನ ಗಾಡಿಯನ್ನು ಬಿಡಲಿಲ್ಲ.

೧೯೬೭ರಲ್ಲಿ ಫೋರ್ಡ್ ಕಂಪೆನಿಯ ಹಣದಿಂದ ಕಾಸ್ವರ್ತ್ ಎಂಬ ಸಂಸ್ಥೆಯವರು ಡಿ.ಎಫ್.ವಿ. ಎಂಬ ಎಂಜಿನನ್ನು ಮಾಡಿದರು. ಹಾಲೆಂಡಿನ ಜಾಂಡ್‌ವೋರ್ಟಿನಲ್ಲಿ ಅದು ಕಾಲಿಟ್ಟ ಮೊದಲ ಪಂದ್ಯವನ್ನೇ ಗೆದ್ದುಕೊಂಡಿತು. ಸ್ವಲ್ಪ ಕಾಲದಲ್ಲಿಯೇ ಅದನ್ನು ಹಣ ಕೊಟ್ಟ ಯಾರಾದರೂ ಕೊಳ್ಳಬಹುದಾಯಿತು. ಒಂದಕ್ಕೆ ೭,೫೦೦ ಪೌಂಡು ಬೆಲೆ. ಟಿರೆಲ್ಲನು ದೊಡ್ಡ ದರ್ಜೆಯ ಗಾಡಿಯಾಗಲಿ ಅದಕ್ಕೆ ಚಾಲಕನಾಗಲಿ ಇಲ್ಲದಾಗಲೇ ಎಂಜಿನುಗಳಿಗೆ ಬೇಡಿಕೆ ಸಲ್ಲಿಸಿದನು! ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತೆಂದು ನಾವು ನಗಬಹುದು. ಆದರೆ ಕೂಸು ಹುಟ್ಟಿತು. ಫ್ರಾನ್ಸಿನ ಮಾತ್ರಾ ಎಂಬ ಕಂಪೆನಿಯು ಒಡಲನ್ನು ಕೊಟ್ಟಿತು. ಎಲ್ಫ್ ಎಂಬ ಎಣ್ಣೆಯ ಕಂಪೆನಿಯೂ ಡನ್‌ಲಪ್ ಟೈರಿನವರೂ ನೆರವಾದರು. ಸ್ಟೂವರ್ಟನು ಹಿಂದಿರುಗಿ ಬಂದನು. ೧೯೬೮ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಕಾಡುದಾರಿಯಲ್ಲಿ, ಮಂಜು ಮಳೆಗಳ ನಡುವೆ, ಗಾಯಗೊಂಡ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಆತನು ಎರಡನೆಯವನಿಗಿಂತ ನಾಲ್ಕು ನಿಮಿಷಕ್ಕೂ ಹೆಚ್ಚು ಮುಂಚಿತವಾಗಿ ಗುರಿ ಮುಟ್ಟಿದನು. ೧೯೬೯ರಲ್ಲಿ ಆರು ಪಂದ್ಯಗಳನ್ನು ಗೆದ್ದು ಜಗಜ್ಜೇತನಾದನು. ಮರದ ಅಡ್ಡೆಗೆ ಮೊದಲ ಕಿರೀಟವು ಬಂದುದು ಹೀಗೆ. ಆದರೆ ಗಾಡಿಯ ಮೇಲಿನ ಹೆಸರು ಮಾತ್ರಾ ಕಂಪೆನಿಯದು.

ಆಗ ಎರಡನೆಯ ಒಲ್ಲೆಯ ಸಮಯವು ಬಂದಿತು. ಮುಂದಿನ ವರ್ಷದಿಂದ ತಮ್ಮ ಒಡಲಿನಲ್ಲಿ ತಮ್ಮದೇ ಹನ್ನೆರಡು ಸಿಲಿಂಡರಿನ ಎಂಜಿನು ಇರತಕ್ಕದ್ದೆಂದು ಮಾತ್ರಾ ಕಂಪೆನಿಯವರು ವಿಧಿಸಿದರು. ಅದನ್ನು ಓಡಿಸಿ ನೋಡಿದ ಸ್ಟೂವರ್ಟನಿಗೆ ಡಿ.ಎಫ್.ವಿ.ಯೇ ಮೇಲೆನಿಸಿತು. ಜಗಜ್ಜೇತವಾದ ಗಾಡಿಯನ್ನು ಇಟ್ಟುಕೊಂಡು ಒಪ್ಪದ ಎಂಜಿನಿಗೆ ತಲೆಬಾಗುವುದೋ, ಒಪ್ಪಿದ ಎಂಜಿನನ್ನು ಹಿಡಿದು ಗಾಡಿಯಿಲ್ಲದೆ ಬೀದಿಯಲ್ಲಿ ನಿಲ್ಲುವುದೋ? ಟಿರೆಲ್ಲನು ಬೀದಿಯನ್ನೇ ಆರಿಸಿದನು. ತನ್ನ ಒಡಲನ್ನು ಮಾರಲು ಅವನಿಗೆ ಸಿಕ್ಕಿದುದು ಮಾರ್ಚ್ ಎಂಬ ಹೊಸ ಸಂಸ್ಥೆ. ಅವರ ಗಾಡಿಯಿಂದ ೧೯೭೦ರ ಸ್ಪೇನಿನ ಪಂದ್ಯವನ್ನು ಸ್ಟೂವರ್ಟನು ಗೆದ್ದನಾದರೂ ಗಾಡಿಯು ಉತ್ತಮವಾದುದಲ್ಲವೆಂದು ಬೇಗನೆ ತಿಳಿದುಬಂತು.

ಇನ್ನು ಉಳಿದಿದ್ದ ದಾರಿ ಒಂದೇ. ಡೆರೆಕ್ ಗಾರ್ಡ್ನರ್ ಎಂಬ ಯಂತ್ರಜ್ಞನನ್ನು ಟಿರೆಲ್ಲನು ಗುಟ್ಟಾಗಿ ಕರೆದು, ತನಗೊಂದು ಗಾಡಿಯನ್ನು ರಚಿಸಿಕೊಡಬೇಕೆಂದನು. ಗಾರ್ಡ್ನರನು ನಾಲ್ಕೂ ಚಕ್ರಗಳಿಗೆ ಬಲವನ್ನು ಹಂಚುವ ಯಂತ್ರಗಳಲ್ಲಿ ನಿಪುಣನೇ ಹೊರತು, ಇಡೀ ಪಂದ್ಯದ ಗಾಡಿಯೊಂದನ್ನು ಅದುವರೆಗೆ ರಚಿಸಿದವನಲ್ಲ. ಲೆಮಿಂಗ್ಟನ್ ಸ್ಪಾ ಎಂಬ ಊರಿನ ತನ್ನ ಮನೆಯಲ್ಲಿಯೇ ಕುಳಿತು ನಕ್ಷೆಗಳನ್ನು ಬರೆದನು. ಹೊರಗಿನವರಿಗೆ ಸುಳಿವು ಹತ್ತಲಿಲ್ಲ. ಟಿರೆಲ್ ೦೦೧ ಎಂಬ ಆ ಗಾಡಿಯು ೧೯೭೦ರ ಆಗಸ್ಟ್ ತಿಂಗಳಲ್ಲಿ ಮೊದಲು ಅಂಗಳಕ್ಕಿಳಿಯಿತು. ಸೆಪ್ಟೆಂಬರಿನಲ್ಲಿ ಕೆನಡಾ ದೇಶದ ಪಂದ್ಯಕ್ಕೆ ಹೋದಾಗ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟಿತು. ಮುಂದಾಗಿಯೇ ಓಡುತ್ತಿರಲು, ಮುಂಚಕ್ರದ ಗಿಡ್ಡ ಅಚ್ಚು ಮುರಿದು ನಿಂತಿತು. ಗೆಲ್ಲಲಿಲ್ಲವೆಂಬುದು ದಿಟ, ಆದರೆ ಕೊಟ್ಟಿಗೆಯ ಮಂದಿಗೆ ತಮ್ಮ ಗಾಡಿಯು ಎಂತಹುದೆಂದು ತಿಳಿಯಲು ಅಷ್ಟೇ ಸಾಕಾಗಿತ್ತು.

೧೯೭೧ರಲ್ಲಿ ಹನ್ನೊಂದು ಪಂದ್ಯಗಳು ನಡೆದವು. ಅವುಗಳಲ್ಲಿ ಆರನ್ನು ಸ್ಟೂವರ್ಟನೂ ಒಂದನ್ನು ಜೊತೆಗಾರನಾದ ಫ್ರಾಂಸ್ವಾ ಸೆವೇರನೂ ಗೆದ್ದರು. ಚಾಲಕನ ಪ್ರಶಸ್ತಿಯೂ ನಿರ್ಮಾಪಕನ ಪ್ರಶಸ್ತಿಯೂ ಎರಡೂ ಆಕಮಿನ ಮರದ ಅಡ್ಡೆಗೆ ಬಂದವು. ತನ್ನ ಹೆಸರಿನ ಗಾಡಿ ಹುಟ್ಟಿ ಇನ್ನೂ ಒಂದೂವರೆ ವರ್ಷವಾಗಿರಲಿಲ್ಲ. ಎಂಜಿನು ಕಾಸ್ವರ್ತಿನವರದು, ಗೇರುಪೆಟ್ಟಿಗೆ ಹ್ಯೂಲ್ಯಾಂಡಿನವರದು, ಟೈರು ಗುಡ್‌ಇಯರಿನವರದು, ಹಣದಲ್ಲಿ ಬಹುಭಾಗ ಎಲ್ಫ್ ಕಂಪೆನಿಯದು. ಹಾಗಾದರೆ ಟಿರೆಲ್ಲನದು ಏನು? ಮನೆ ಕಟ್ಟಿಸಿದವನನ್ನು ಹೀಗೆ ಕೇಳಿದರೆ ಆತನು ಏನು ಹೇಳಿಯಾನು? ಕಲ್ಲು ಬೆಟ್ಟದ್ದು, ಮರ ಕಾಡಿನದು, ಕೈ ಕೆಲಸದವರದು. ಯಾವುದನ್ನು ಎಲ್ಲಿಡಬೇಕೆಂಬ ನಿರ್ಧಾರ ಮಾತ್ರ ಅವನದು.

ಇದುವರೆಗೆ ಹೇಳಿದುದು ಏಳಿಗೆಯ ಮಾತು. ಈ ವಿದ್ಯೆಯ ಇನ್ನೊಂದು ಮುಖವನ್ನು ಮರೆಸಿದರೆ ಲೇಖನವು ಸುಳ್ಳಾಗುವುದು. ಆ ಕಾಲದ ಮೋಟಾರು ಪಂದ್ಯವು ಮನುಷ್ಯರನ್ನು ತಿನ್ನುತ್ತಿತ್ತು. ೧೯೭೦ ಒಂದರಲ್ಲಿಯೇ ಮಕ್ಲಾರೆನ್, ಪಿಯರ್ಸ್ ಕರೇಜ್, ಯೋಖೆನ್ ರಿಂಟ್ ಎಂಬ ಮೂವರು ಚಾಲಕರು ಸತ್ತರು. ಆ ವರ್ಷದ ಜಗತ್ ಪ್ರಶಸ್ತಿಯು ತೀರಿಹೋದ ರಿಂಟನ ಹೆಸರಿಗೇ ಸಂದಿತು. ಸ್ಟೂವರ್ಟನು ೧೯೬೬ರಲ್ಲಿ ಬೆಲ್ಜಿಯಮ್ಮಿನ ಸ್ಪಾ ಎಂಬಲ್ಲಿ ಮಳೆಯಲ್ಲಿ ಜಾರಿ, ನುಗ್ಗಾದ ಗಾಡಿಯೊಳಗೆ ಪೆಟ್ರೋಲಿನಲ್ಲಿ ನೆನೆಯುತ್ತ, ಸುಮಾರು ಇಪ್ಪತ್ತೈದು ನಿಮಿಷಗಳ ಕಾಲ ಸಿಕ್ಕಿಬಿದ್ದಿದ್ದನು. ಒಂದು ಕಿಡಿ ಬಿದ್ದಿದ್ದರೆ ಮುಗಿಯುತ್ತಿತ್ತು. ಚಾಲಕಚಕ್ರವನ್ನು ಬಿಚ್ಚಲು ಅಲ್ಲಿ ಒಂದು ಸ್ಪ್ಯಾನರೂ ಇರಲಿಲ್ಲ. ಜೊತೆಯ ಚಾಲಕರು ನೋಡಬಂದವರಲ್ಲಿ ಬೇಡಿ ತಂದು ಆತನನ್ನು ಎಳೆದುಕೊಂಡರು. ಅಂದಿನಿಂದ ಸ್ಟೂವರ್ಟನು ತನ್ನ ಗಾಡಿಯಲ್ಲಿ ಒಂದು ಸ್ಪ್ಯಾನರನ್ನು ಅಂಟಿಸಿಕೊಂಡೇ ಓಡಿಸಿದನು; ಆಸನದ ಪಟ್ಟಿ, ದಾರಿಯಂಚಿನ ತಡೆ, ವೈದ್ಯರ ಏರ್ಪಾಡು ಇವು ಬೇಕೇ ಬೇಕೆಂದು ಹೋರಾಡಿದನು. ಹೇಡಿಯೆಂದು ಕೆಲವರು ಆಡಿಕೊಂಡರು. ಎಲ್ಲರಿಗಿಂತ ವೇಗವಾಗಿ ಓಡಿಸುವವನನ್ನು ಹೇಡಿಯೆನ್ನುವ ನಾಲಗೆಗೆ ಎಲುಬಿಲ್ಲವೆನ್ನಬೇಕು.

ಸೆವೇರನು ಪ್ಯಾರಿಸಿನವನು; ೧೯೪೪ರಲ್ಲಿ ಹುಟ್ಟಿದವನು; ನೋಡಲು ಸುಂದರ; ಪಿಯಾನೋ ವಾದ್ಯವನ್ನು ಚೆನ್ನಾಗಿ ಬಾರಿಸಬಲ್ಲವನು. ೧೯೭೦ರ ನಡುವಿನಲ್ಲಿ ಟಿರೆಲ್ಲನ ಮನೆಗೆ ಬಂದವನು ಸ್ಟೂವರ್ಟನಿಂದ ಶಿಷ್ಯನಂತೆ ವಿದ್ಯೆಯನ್ನು ಕಲಿತನು. ಯಾವ ತಿರುವಿನಲ್ಲಿ ಯಾವ ಗೇರು, ಎಲ್ಲಿ ಬ್ರೇಕು ಎಂಬುದನ್ನು ಗುರುವು ಮುಚ್ಚುಮರೆಯಿಲ್ಲದೆ ಹೇಳಿಕೊಟ್ಟನು. ಪ್ರತಿಸ್ಪರ್ಧಿಗೆ ವಿದ್ಯೆಯನ್ನು ಧಾರೆಯೆರೆಯುವುದು ಆ ಲೋಕದಲ್ಲಿ ಸಾಮಾನ್ಯವಲ್ಲ. ೧೯೭೩ರ ಜರ್ಮನಿಯ ಪಂದ್ಯದಲ್ಲಿ ಇಬ್ಬರೂ ಒಬ್ಬರ ಹಿಂದೊಬ್ಬರು ಬಂದು ಮೊದಲನೆಯ ಎರಡನೆಯ ಸ್ಥಾನಗಳನ್ನು ಪಡೆದರು. ಸೆವೇರನು ಮನಸ್ಸು ಮಾಡಿದ್ದರೆ ಅಂದು ತನ್ನನ್ನು ದಾಟಬಹುದಾಗಿತ್ತೆಂದು ಸ್ಟೂವರ್ಟನೇ ಆಮೇಲೆ ಹೇಳಿದನು. ಅದು ಸ್ಟೂವರ್ಟನ ಇಪ್ಪತ್ತೇಳನೆಯ ಗೆಲವು. ಅದುವರೆಗೆ ಯಾರೂ ಅಷ್ಟು ಗೆದ್ದಿರಲಿಲ್ಲ.

ಆ ವರ್ಷದ ಏಪ್ರಿಲ್ಲಿನಲ್ಲಿಯೇ ಸ್ಟೂವರ್ಟನು ವರ್ಷದ ಕಡೆಗೆ ನಿವೃತ್ತನಾಗುವ ನಿಶ್ಚಯವನ್ನು ಟಿರೆಲ್ಲನಿಗೆ ತಿಳಿಸಿದ್ದನು. ಹೆಂಡತಿಗೆ ಹೇಳಿರಲಿಲ್ಲ, ಹೇಳಿದರೆ ಆಕೆ ಉಳಿದ ಪಂದ್ಯಗಳನ್ನು ಒಂದೊಂದಾಗಿ ಎಣಿಸುತ್ತ ಕುಳಿತಾಳೆಂಬ ಭಯ. ಸೆವೇರನಿಗೂ ಗೊತ್ತಿರಲಿಲ್ಲ. ಮುಂದಿನ ವರ್ಷದಿಂದ ತಂಡದ ಮೊದಲನೆಯ ಸ್ಥಾನವು ತನ್ನದೆಂದು ಅವನಿಗೆ ತಿಳಿಯುವ ದಿನ ಬರಲೇ ಇಲ್ಲ. ವರ್ಷದ ಕಡೆಯ ಪಂದ್ಯವು ಅಮೆರಿಕಾದ ವಾಟ್ಕಿನ್ಸ್ ಗ್ಲೆನ್ ಎಂಬಲ್ಲಿ. ಸ್ಟೂವರ್ಟನಿಗೆ ಅದು ನೂರನೆಯದು. ಪಂದ್ಯದ ಹಿಂದಿನ ದಿನ, ಅಕ್ಟೋಬರ್ ೬ರ ಅಭ್ಯಾಸದಲ್ಲಿ, ಸೆವೇರನ ಗಾಡಿಯು ದಾರಿಯಂಚಿನ ಉಕ್ಕಿನ ತಡೆಗೆ ಬಡಿಯಿತು. ಆತನು ಅಲ್ಲಿಯೇ ಮೃತನಾದನು. ವಯಸ್ಸು ಇಪ್ಪತ್ತೊಂಬತ್ತು.

ಚಾಲಕನ ಪ್ರಶಸ್ತಿಯು ಆಗಲೇ ಸ್ಟೂವರ್ಟನದಾಗಿತ್ತು. ನಿರ್ಮಾಪಕನ ಪ್ರಶಸ್ತಿಗಾಗಿ ಟಿರೆಲ್ ಮತ್ತು ಲೋಟಸ್ ಮನೆಗಳ ನಡುವೆ ಸೆಣಸು ಇನ್ನೂ ನಡೆದಿತ್ತು. ಟಿರೆಲ್ಲನು ತನ್ನ ಗಾಡಿಗಳನ್ನೆಲ್ಲ ಪಂದ್ಯದಿಂದ ಹಿಂದೆಗೆದನು. ಪ್ರಶಸ್ತಿಯು ಲೋಟಸ್ಸಿಗೆ ಹೋಯಿತು. ಸ್ಟೂವರ್ಟನ ಪಂದ್ಯಗಳ ಲೆಕ್ಕವು ತೊಂಬತ್ತೊಂಬತ್ತಕ್ಕೇ ನಿಂತಿತು. ಇದು ಮೂರನೆಯ ಒಲ್ಲೆ. ನೂರೆಂಬ ಸಂಖ್ಯೆಗೆ ಲೋಕದಲ್ಲಿ ಎಷ್ಟು ಮೋಹವಿದೆಯೆಂಬುದನ್ನು ನಾವು ಬಲ್ಲೆವು. ಆ ಮೋಹವನ್ನು ಕೈಯಳತೆಯಲ್ಲಿ ಬಿಟ್ಟು ನಡೆದ ಇಬ್ಬರನ್ನು ನೆನೆದಾಗಲೆಲ್ಲ ತೊಂಬತ್ತೊಂಬತ್ತೇ ಪೂರ್ಣ ಸಂಖ್ಯೆಯೆಂದು ನನಗೆ ತೋರುತ್ತದೆ.

ಆದರೆ ಇಲ್ಲಿ ನನ್ನ ಮನಸ್ಸಿನೊಳಗೆ ಒಂದು ಜಗಳವಿದೆ. ಅದನ್ನು ಮುಚ್ಚಿಡಲಾರೆನು. ಅಂದು ಒಲ್ಲೆನೆಂದವನು ಶಾಶ್ವತವಾಗಿ ಏಕೆ ಒಲ್ಲೆನೆನ್ನಲಿಲ್ಲ? ೧೯೭೪ರ ಜನವರಿಯಲ್ಲಿ ಟಿರೆಲ್ಲನ ಗಾಡಿಗಳು ಮತ್ತೆ ಸಾಲಿನಲ್ಲಿ ನಿಂತುವು. ಅವುಗಳಲ್ಲಿ ಒಂದರಲ್ಲಿ ಕುಳಿತಿದ್ದವನು ಜೋಡಿ ಶೆಕ್ಟರ್. ಸೆವೇರನು ಬಿದ್ದ ಸ್ಥಳಕ್ಕೆ ತನ್ನ ಗಾಡಿಯಿಂದಿಳಿದು ಮೊದಲು ಓಡಿಬಂದವರಲ್ಲಿ ಅವನೊಬ್ಬನು! ಮನೆಮಗನಂತಿದ್ದವನನ್ನು ಕಳೆದುಕೊಂಡ ಮೂರು ತಿಂಗಳಲ್ಲಿ ಇನ್ನೊಬ್ಬ ತಾಯಿಯ ಮಗನನ್ನು ಅದೇ ಅಗ್ನಿಗೆ ಕಳುಹಿಸುವುದು ಎಂತಹ ಪ್ರೀತಿ? ಕೆಲವೊಮ್ಮೆ ಈ ಪ್ರಶ್ನೆಯೇ ಗೆದ್ದು, ಈ ಚರಿತ್ರೆಯನ್ನು ಮಡಿಸಿಡೋಣವೆನಿಸುತ್ತದೆ. ಬೇರೆ ಕೆಲವೊಮ್ಮೆ ನಾನು ನನ್ನನ್ನೇ ಕೇಳಿಕೊಳ್ಳುತ್ತೇನೆ: ಮೀನುಗಾರನ ಮನೆಯವರು ಕಡಲಿಗೆ ಮಗನನ್ನು ಕೊಟ್ಟ ಮೇಲೆ ದೋಣಿಯನ್ನು ಸುಟ್ಟುಬಿಡುತ್ತಾರೆಯೆ? ಆದರೆ ಮೀನುಗಾರನಿಗೆ ಹೊಟ್ಟೆಪಾಡಿದೆ. ಇವರಿಗಾದರೋ ಮರದ ವ್ಯಾಪಾರವಿತ್ತು. ಸ್ಟೂವರ್ಟನು ಬಿಟ್ಟನು, ಟಿರೆಲ್ಲನು ಬಿಡಲಿಲ್ಲ. ಒಬ್ಬನು ತನ್ನ ಪ್ರಾಣದ ಲೆಕ್ಕವನ್ನು ತಾನೇ ಮುಗಿಸಬಹುದು. ಇನ್ನೊಬ್ಬನಿಗೆ ತನ್ನನ್ನು ನಂಬಿ ಕೆಲಸಕ್ಕೆ ಬಂದವರ ಲೆಕ್ಕವೂ ಇತ್ತೆಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಅದು ಪೂರ್ಣವಾದ ಸಮಾಧಾನವಲ್ಲ.

ಆ ಮೇಲಿನ ಟಿರೆಲ್ ಮನೆಯ ಕಥೆಯು ಇಳಿಜಾರಿನದು, ಆದರೂ ಬರಿದಾದುದಲ್ಲ. ಎಲ್ಲರೂ ಒಂದೇ ಎಂಜಿನನ್ನು ಕೊಂಡು ತಂದ ಮೇಲೆ, ಒಬ್ಬರನ್ನೊಬ್ಬರು ಮೀರುವುದಾದರೂ ಹೇಗೆ? ಗಾರ್ಡ್ನರನು ಒಂದು ಉಪಾಯವನ್ನು ಹೂಡಿದನು. ಮುಂದಿನ ದಪ್ಪ ಚಕ್ರಗಳು ಗಾಳಿಗೆ ಅಡ್ಡವಾಗಿ ನಿಲ್ಲುತ್ತವೆ, ಗಾಡಿಯ ಮೂತಿಯನ್ನು ಮೇಲಕ್ಕೆತ್ತುತ್ತವೆ. ಅವನ್ನು ಮೂತಿಯ ಮರೆಯಲ್ಲಿ ಅಡಗುವಷ್ಟು ಚಿಕ್ಕದು ಮಾಡಿದರೆ ಗಾಳಿಯ ತಡೆ ತಗ್ಗುವುದು. ಆದರೆ ಚಿಕ್ಕ ಚಕ್ರಕ್ಕೆ ನೆಲದ ಹಿಡಿತ ಸಾಲದು. ಆದುದರಿಂದ ಎರಡರ ಬದಲು ನಾಲ್ಕನ್ನು ಇಟ್ಟರಾಯಿತು! ಹೀಗೆ ಹತ್ತು ಅಂಗುಲದ ನಾಲ್ಕು ಮುಂಚಕ್ರಗಳೂ ಎರಡು ದೊಡ್ಡ ಹಿಂಚಕ್ರಗಳೂ ಉಳ್ಳ ಪಿ-೩೪ ಎಂಬ ಗಾಡಿಯು ಹುಟ್ಟಿತು. ೧೯೭೫ರಲ್ಲಿ ಅದನ್ನು ಪತ್ರಿಕೆಯವರಿಗೆ ತೋರಿಸಿದಾಗ ಅವರು ತಮಾಷೆಯೆಂದುಕೊಂಡರಂತೆ. ೧೯೭೬ರ ಜೂನ್ ೧೩ರಂದು ಸ್ವೀಡನ್ನಿನ ಆಂಡರ್ಸ್ಟೋರ್ಪಿನಲ್ಲಿ ಶೆಕ್ಟರನು ಮೊದಲನೆಯವನಾಗಿಯೂ ಪಾತ್ರಿಕ್ ದೆಪಾಯೆನು ಎರಡನೆಯವನಾಗಿಯೂ ಬಂದಾಗ ನಗುವು ನಿಂತಿತು. ಆರು ಚಕ್ರದ ಗಾಡಿಯು ಗೆದ್ದ ಗ್ರಾಂಡ್ ಪ್ರಿ ಪಂದ್ಯ ಅದೊಂದೇ. ಆ ಚಿಕ್ಕ ಟೈರುಗಳನ್ನು ಬಳಸುವವನು ಜಗತ್ತಿನಲ್ಲಿ ಒಬ್ಬನೇ. ಒಬ್ಬನಿಗಾಗಿ ಅವುಗಳನ್ನು ವರ್ಷವರ್ಷವೂ ತಿದ್ದಿ ಬೆಳೆಸಲು ಟೈರಿನ ಕಂಪೆನಿಗೆ ಉತ್ಸಾಹವಿರಲಿಲ್ಲ. ದೊಡ್ಡ ಹಿಂಚಕ್ರದ ಟೈರುಗಳು ಮುಂದುವರಿದವು, ಚಿಕ್ಕವು ಹಿಂದುಳಿದವು. ೧೯೭೭ರ ಕೊನೆಗೆ ಆ ಗಾಡಿಯನ್ನು ಕೈಬಿಟ್ಟರು. ಕೊಂಡು ಕೂಡಿಸುವವನ ಸ್ವಾತಂತ್ರ್ಯಕ್ಕೆ ಎಲ್ಲೆ ಎಲ್ಲಿದೆಯೆಂಬುದು ಇಲ್ಲಿ ಕಾಣುತ್ತದೆ.

ಆಮೇಲಿನ ಕಾಲದಲ್ಲಿ ದೊಡ್ಡ ಕಾರ್ಖಾನೆಗಳು ಟರ್ಬೊ ಎಂಜಿನುಗಳೊಡನೆ ಬಂದುವು. ಹಣದ ಹೊಳೆ ಹರಿಯಿತು. ೧೯೭೯ರಲ್ಲಿ ಎಲ್ಫ್ ಕಂಪೆನಿಯು ಟಿರೆಲ್ಲನನ್ನು ಬಿಟ್ಟುಹೋದಾಗ, ಕೆಲವು ಕಾಲ ಆತನ ಗಾಡಿಗಳು ಯಾವ ಪೋಷಕನ ಹೆಸರೂ ಇಲ್ಲದೆ ಓಡಿದುವು. ಹಳೆಯ ಡಿ.ಎಫ್.ವಿ.ಯನ್ನೇ ನೆಚ್ಚಿಕೊಂಡಿದ್ದ ಆತನಿಗೆ, ೧೯೮೩ರ ಜೂನಿನಲ್ಲಿ ಡೆಟ್ರಾಯಿಟ್ ನಗರದ ಬೀದಿಗಳಲ್ಲಿ ಮಿಕೇಲೆ ಆಲ್ಬೊರೇತೋ ಎಂಬ ಇಟಲಿಯ ತರುಣನು ಒಂದು ಗೆಲವನ್ನು ತಂದುಕೊಟ್ಟನು. ಅದು ಆ ಎಂಜಿನಿನ ನೂರೈವತ್ತೈದನೆಯ ಗೆಲವು, ಕಡೆಯದು. ಟಿರೆಲ್ ಗಾಡಿಗಳ ಇಪ್ಪತ್ತಮೂರನೆಯ ಗೆಲವು, ಅದೂ ಕಡೆಯದು.

ಮರುವರ್ಷ ಟರ್ಬೊ ಇಲ್ಲದ ತಂಡವೆಂದರೆ ಆತನದೊಂದೇ. ಒಂದು ಪಂದ್ಯಕ್ಕೆ ೨೨೦ ಲೀಟರಿಗಿಂತ ಹೆಚ್ಚು ಇಂಧನ ಕೂಡದೆಂದು ಆಗ ನಿಯಮವಿತ್ತು. ೧೯೮೫ರಿಂದ ಅದನ್ನು ೧೯೫ಕ್ಕೆ ಇಳಿಸಬೇಕೆಂದು ಮೊದಲೇ ಗೊತ್ತಾಗಿತ್ತು. ಹೆಚ್ಚು ಕುಡಿಯುವ ಟರ್ಬೊದವರು ಇಳಿಸುವುದು ಬೇಡವೆಂದರು. ಅದಕ್ಕೆ ಎಲ್ಲ ತಂಡಗಳ ಸಮ್ಮತಿಯೂ ಬೇಕು, ಟಿರೆಲ್ಲನು ಒಲ್ಲೆನೆಂದನು. ಈ ನಡುವೆ ಡೆಟ್ರಾಯಿಟಿನಲ್ಲಿ ಆತನ ಗಾಡಿಯು ಎರಡನೆಯದಾಗಿ ಬಂದಾಗ, ಅದರ ನೀರಿನ ತೊಟ್ಟಿಯನ್ನು ಪರೀಕ್ಷಿಸಿದ ಅಧಿಕಾರಿಗಳು ನೀರಿನಲ್ಲಿ ಇಂಧನದ ಅಂಶವಿದೆಯೆಂದೂ ಸೀಸದ ಗುಂಡುಗಳಿವೆಯೆಂದೂ ದೂರಿದರು. ತಂಡದ ಆ ವರ್ಷದ ಅಂಕಗಳನ್ನೆಲ್ಲ ಅಳಿಸಿ, ಉಳಿದ ಪಂದ್ಯಗಳಿಂದ ಹೊರಗಟ್ಟಿದರು. ಒಲ್ಲೆನೆಂದ ಧ್ವನಿಯು ಹೊರಗಾದ ಮೇಲೆ ಉಳಿದವರಿಗೆ ಸಮ್ಮತಿಯು ಸುಲಭವಾಯಿತು. ಟಿರೆಲ್ಲನು ಪೂರ್ಣವಾಗಿ ನಿರ್ದೋಷಿಯೆಂದು ನಾನು ಸಾಧಿಸಹೊರಟಿಲ್ಲ. ಪಂದ್ಯದ ಕಡೆಯಲ್ಲಿ ಸೀಸ ಕೂಡಿದ ನೀರನ್ನು ತುಂಬಿಕೊಂಡರ್ಥವೇನೆಂದರೆ, ಅದುವರೆಗೆ ಗಾಡಿಯು ನಿಯಮಿತ ತೂಕಕ್ಕಿಂತ ಹಗುರವಾಗಿ ಓಡಿರಬಹುದೆಂಬುದೇ. ಆದರೆ ತಪ್ಪಿಗೆ ತಕ್ಕ ದಂಡವೆಷ್ಟು, ಒಲ್ಲೆನೆಂದುದಕ್ಕೆ ದಂಡವೆಷ್ಟು ಎಂದು ತೂಗಿದರೆ, ಎರಡನೆಯದೇ ಭಾರವಾಗಿ ಕಾಣುತ್ತದೆ. ಆ ವರ್ಷ ಮೊನಾಕೋ ನಗರದ ಮಳೆಯಲ್ಲಿ ಅವನ ಪರವಾಗಿ ಮೂರನೆಯ ಸ್ಥಾನಕ್ಕೆ ಬಂದಿದ್ದ ಸ್ಟೆಫಾನ್ ಬೆಲೋಫ್ ಎಂಬ ಜರ್ಮನ್ ತರುಣನ ಸಾಧನೆಯೂ ದಾಖಲೆಯಿಂದ ಅಳಿದುಹೋಯಿತು. ಬೆಲೋಫನು ೧೯೮೫ರ ಸೆಪ್ಟೆಂಬರಿನಲ್ಲಿ ಸ್ಪಾದಲ್ಲಿ, ಬೇರೊಂದು ತಂಡದ ಗಾಡಿಯಲ್ಲಿ, ತೀರಿಕೊಂಡನು.

ಬಡವಾದ ಮನೆಯಲ್ಲಿಯೂ ಬುದ್ಧಿಯ ದೀಪವು ಆರಿರಲಿಲ್ಲ. ೧೯೯೦ರಲ್ಲಿ ಹಾರ್ವೆ ಪೋಸ್ಲ್‌ತ್ವೈಟ್ ಮತ್ತು ಜಾನ್-ಕ್ಲೋದ್ ಮಿಜೋ ಎಂಬವರು ರಚಿಸಿದ ಟಿರೆಲ್ ೦೧೯ ಎಂಬ ಗಾಡಿಯು ಮೂತಿಯನ್ನು ನೆಲದಿಂದ ಮೇಲಕ್ಕೆತ್ತಿ, ಗಾಡಿಯ ಅಡಿಗೆ ಗಾಳಿಯನ್ನು ಹೆಚ್ಚಾಗಿ ಹರಿಯಬಿಟ್ಟಿತು. ಕೆಲವೇ ವರ್ಷಗಳಲ್ಲಿ ಹೆಚ್ಚುಕಡಮೆ ಎಲ್ಲರ ಗಾಡಿಗಳೂ ಮೂತಿಯನ್ನೆತ್ತಿದುವು. ಅದೇ ವರ್ಷ ಜಾನ್ ಅಲೇಸಿ ಎಂಬ ಹುಡುಗನು ಫೀನಿಕ್ಸಿನಲ್ಲಿಯೂ ಮೊನಾಕೋದಲ್ಲಿಯೂ ಎರಡನೆಯವನಾಗಿ ಬಂದನು. ಮರುವರ್ಷ ಫೆರಾರಿಯವರು ಅವನನ್ನು ಕರೆದುಕೊಂಡರು. ಬಡ ಮೇಷ್ಟರ ಶಾಲೆಯಲ್ಲಿ ಕಲಿತ ಜಾಣ ಹುಡುಗರು ಪಟ್ಟಣಕ್ಕೆ ಹೋಗುವುದು ಎಲ್ಲ ದೇಶದಲ್ಲಿಯೂ ಇದ್ದದ್ದೇ.

೧೯೯೭ರ ಕೊನೆಯಲ್ಲಿ ಟಿರೆಲ್ಲನು ತನ್ನ ತಂಡವನ್ನು ಮಾರಿದನು. ಕೊಂಡವರ ಹಿಂದೆ ಇದ್ದುದು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಎಂಬ ಹೊಗೆಸೊಪ್ಪಿನ ದೊಡ್ಡ ಕಂಪೆನಿ. ಮುಂದಿನ ಒಂದು ವರ್ಷ ಹಳೆಯ ಹೆಸರಿನಲ್ಲಿಯೇ ಓಡಿಸುವುದೆಂದು ಏರ್ಪಾಡಾಗಿತ್ತು. ಆದರೆ ಚಾಲಕನನ್ನು ಆರಿಸುವಾಗ, ತನಗೆ ಮೇಲೆಂದು ತೋರಿದವನನ್ನು ಬಿಟ್ಟು ಹೊಸ ಒಡೆಯರು ಬೇರೊಬ್ಬನನ್ನು ತೆಗೆದುಕೊಂಡಾಗ, ಎಪ್ಪತ್ತಮೂರು ವರ್ಷದ ಮುದುಕನು ಒಲ್ಲೆನೆಂದು ಎದ್ದುಬಂದನು. ಅದೇ ಕಡೆಯ ಒಲ್ಲೆ. ತನ್ನ ಹೆಸರಿನ ಗಾಡಿಗಳು ೧೯೯೮ರಲ್ಲಿ ಒಂದು ಅಂಕವನ್ನೂ ಗಳಿಸದೆ, ನವೆಂಬರ್ ೧ರಂದು ಜಪಾನಿನಲ್ಲಿ ಕಡೆಯ ಬಾರಿ ಓಡಿದಾಗ, ಆತನು ತಂಡದಲ್ಲಿರಲಿಲ್ಲ. ೨೦೦೧ರ ಆಗಸ್ಟ್ ೨೫ರಂದು ಆತನು ತೀರಿಕೊಂಡನು.

ಕೊಂಡವರು ಆಕಮನ್ನು ಬಿಟ್ಟು ಬ್ರಾಕ್ಲಿ ಎಂಬಲ್ಲಿ ಹೊಸ ಕಾರ್ಖಾನೆಯನ್ನು ಕಟ್ಟಿದರು. ಆ ಸಂಸಾರವು ಮುಂದೆ ೨೦೦೬ರಲ್ಲಿ ಹೋಂಡಾ ಕಂಪೆನಿಯ ಹೆಸರನ್ನು ಪಡೆಯಿತು. ೨೦೦೯ರಲ್ಲಿ ಬ್ರಾನ್ ಎಂಬ ಹೆಸರಿನಲ್ಲಿ ಒಂದೇ ವರ್ಷ ಓಡಿ ಎರಡೂ ಪ್ರಶಸ್ತಿಗಳನ್ನು ಗೆದ್ದಿತು. ೨೦೧೦ರಲ್ಲಿ ಮರ್ಸಿಡಿಸ್ ಆಯಿತು. ೨೦೧೪ರಿಂದ ೨೦೨೧ರವರೆಗೆ ಸಾಲಾಗಿ ಎಂಟು ವರ್ಷ ನಿರ್ಮಾಪಕರ ಪ್ರಶಸ್ತಿಯನ್ನು ತನ್ನಲ್ಲಿಯೇ ಇಟ್ಟುಕೊಂಡಿತು. ದತ್ತಕದ ಮೇಲೆ ದತ್ತಕವಾಗಿ ಬಂದ ಈ ವಂಶಾವಳಿಯ ಬೇರನ್ನು ಹಿಡಿದು ಹೋದರೆ ಸಿಕ್ಕುವುದು ಸರ್ರಿ ಸೀಮೆಯ ಮರದ ವ್ಯಾಪಾರಿಯೇ. ಆದರೆ ಇದನ್ನು ಹಿಡಿದು ಟಿರೆಲ್ಲನು ಕಡೆಗೂ ಗೆದ್ದನೆಂದು ಹೇಳಲು ನನಗೆ ಇಷ್ಟವಿಲ್ಲ. ನೂರಾರು ಮಂದಿಯ ಆ ಕಾರ್ಖಾನೆಯಲ್ಲಿ ಆತನದೆಂಬುದು ಏನೂ ಉಳಿದಿಲ್ಲ. ಒಬ್ಬನೇ ಯಜಮಾನನು, ತನ್ನ ಮಾತಿಗೆ ತಾನೇ ಹೊಣೆಯಾಗಿ, ಒಂದು ಮನೆವಾರ್ತೆಯ ಅಳತೆಯಲ್ಲಿ ಜಗತ್ತಿನ ಎದುರು ನಿಲ್ಲಬಹುದಾದ ಕಾಲವು ಕಳೆದುಹೋಯಿತು. ಹೋದುದಕ್ಕೆ ಒಳ್ಳೆಯ ಕಾರಣಗಳೂ ಇವೆ. ಇಂದಿನ ಗಾಡಿಗಳಲ್ಲಿ ಚಾಲಕರು ಅಷ್ಟು ಸುಲಭವಾಗಿ ಸಾಯುವುದಿಲ್ಲ; ಅದಕ್ಕೆ ಬೇಕಾದ ಹಣವನ್ನೂ ಪರೀಕ್ಷೆಯನ್ನೂ ಒದಗಿಸುವುದು ಕೊಟ್ಟಿಗೆಯಿಂದ ಆಗತಕ್ಕ ಕೆಲಸವಲ್ಲ.

ಆ ಮರದ ಕೊಟ್ಟಿಗೆಯನ್ನು ಈಚೆಗೆ ಆಕಮಿನಿಂದ ಹಲಗೆ ಹಲಗೆಯಾಗಿ ಬಿಚ್ಚಿ, ಸ್ಟೂವರ್ಟನು ಮೊದಲು ಪರೀಕ್ಷೆಗೆ ನಿಂತ ಗುಡ್‌ವುಡ್ಡಿಗೆ ಒಯ್ದು, ಮರಳಿ ಕಟ್ಟಿದ್ದಾರೆ. ಅದನ್ನು ನೋಡಹೋದವರು ಮೂರು ಜಗತ್ ಪ್ರಶಸ್ತಿಗಳ ನೆನಪನ್ನು ಮಾಡಿಕೊಳ್ಳುವುದು ಸಹಜ. ನನಗೆ ಹೋಗುವ ಯೋಗ ಬಂದರೆ, ಗೆದ್ದ ಪಂದ್ಯಗಳಿಗಿಂತ ಓಡಿಸದೆ ಬಿಟ್ಟ ಆ ಒಂದು ಪಂದ್ಯವನ್ನು ನೆನೆಯುವೆನು.